ನೆವ್ಸ್ಕಿ ಯಾರು ಅಂತ ಕೇಳಿದ್ದೀಯಲ್ಲ, ತಮ್ಮಾ

ಓದಲು ಸೇಂಟ್ ಪೀಟರ್ಸ್‌ಬರ್ಗ್‌ಗೆ ಬರುತ್ತಿದ್ದೇನೆ, ಚಳಿ ಹೇಗೆ, ಊಟ ಹೇಗೆ, ಜನ ಹತ್ತಿರ ಸೇರಿಸುತ್ತಾರಾ ಅಂತ ಕೇಳಿದ್ದೀಯ. ಮ್ಯಾಪ್ ತೆಗೆದರೆ ಎಲ್ಲ ಕಡೆ ನೆವ್ಸ್ಕಿ ಅಂತಲೇ ಇದೆ, ಯಾರಿದು ಅಂತಲೂ ಬರೆದಿದ್ದೀಯ.

ಚಳಿಯ ಮಾತು ಬೇಗ ಮುಗಿಸುತ್ತೇನೆ. ಜಾಕೆಟ್, ಬೂಟು ಇಲ್ಲೇ ತಗೋ, ನಮ್ಮೂರಿನವು ಸಾಲುವುದಿಲ್ಲ. ಮನೆಯೊಳಗೆ ಬೆಚ್ಚಗೇ ಇರುತ್ತದೆ. ಅಕ್ಕಿ, ಬೇಳೆ ಸಿಗುತ್ತವೆ. ಕೆಫೀರ್ ಅಂತ ಹುಳಿ ಹಾಲಿನಂಥದ್ದು ಒಂದಿದೆ, ಅನ್ನಕ್ಕೆ ಕಲಸಿಕೊಂಡರೆ ಮಜ್ಜಿಗೆ ಅನ್ನದ ಆಸೆ ತೀರುತ್ತದೆ. ರಾಗಿ ಹಿಟ್ಟು, ಸಾರಿನ ಪುಡಿ ಮಾತ್ರ ಊರಿಂದಲೇ ತಾ.

ಜನರ ವಿಷಯಕ್ಕೆ ಬಂದರೆ ನೆವ್ಸ್ಕಿ ಬೇಕೇ ಬೇಕು. ಇಲ್ಲಿಯವರು ಗುರುತಿಲ್ಲದವರನ್ನು ನೋಡಿ ನಗುವುದಿಲ್ಲ. ಮೊದಲ ವರ್ಷ ನನಗೆ ಅದು ತುಂಬಾ ಕಷ್ಟವಾಯಿತು. ನಮ್ಮ ಮಹಡಿಯ ಅಜ್ಜಿ ಒಂದು ದಿನ ಚಹಾಕ್ಕೆ ಕರೆದರು. ನೆವ್ಸ್ಕಿ ಯಾರು ಅಂತ ಕೇಳಿದೆ. ರಾತ್ರಿ ಹತ್ತಾದರೂ ಅವರ ಮಾತು ನಿಲ್ಲಲಿಲ್ಲ!

ಅವನ ಹೆಸರು ಅಲೆಕ್ಸಾಂಡರ್. ನೊವ್ಗೊರೊದ್ ನಗರಕ್ಕೆ ರಾಜಕುಮಾರ. 1240ರಲ್ಲಿ ಸ್ವೀಡನ್ನಿನ ಪಡೆ ಇಲ್ಲಿ ಹರಿಯುವ ನೆವಾ ನದಿಯಲ್ಲಿ ಬಂದಾಗ, ಇಜೋರಾ ನದಿ ಬಂದು ಸೇರುವ ಕಡೆ ಅವರನ್ನು ಸೋಲಿಸಿದ. ಆಗ ಅವನಿಗೆ ಇಪ್ಪತ್ತರ ಆಸುಪಾಸು. ನೆವ್ಸ್ಕಿ ಅಂದರೆ ನೆವಾದವನು, ಅಷ್ಟೇ. ಗೆದ್ದು ಬಂದವನನ್ನು ನೊವ್ಗೊರೊದ್‌ನವರು ಅದೇ ವರ್ಷ ಜಗಳವಾಡಿ ಕಳಿಸಿಬಿಟ್ಟರು. ಅಲ್ಲಿ ರಾಜಕುಮಾರನನ್ನು ಕರೆಯುವುದೂ ಕಳಿಸುವುದೂ ಊರಿನವರ ಕೈಯಲ್ಲೇ ಇತ್ತು. ಜರ್ಮನ್ ನೈಟ್‌ಗಳು, ಅಂದರೆ ಕುದುರೆಯೇರಿ ಕಾದುವ ಯೋಧರು, ಹತ್ತಿರದ ಪ್ಸ್ಕೋವ್ ಪಟ್ಟಣ ಹಿಡಿದಾಗ ಮತ್ತೆ ಅವನನ್ನೇ ಕರೆದರು. 1242ರ ಏಪ್ರಿಲ್ 5ರಂದು, ಹೆಪ್ಪುಗಟ್ಟಿದ ಚೂದ್ ಸರೋವರದ ಮೇಲೆ ಆ ನೈಟ್‌ಗಳನ್ನೂ ಸೋಲಿಸಿದ. ನೊವ್ಗೊರೊದ್‌ನ ಬರಹ 400 ಜರ್ಮನರು ಸತ್ತರು ಅನ್ನುತ್ತದೆ, ಜರ್ಮನರ ಕಡೆಯ ಬರಹ 20 ನೈಟ್‌ಗಳು ಅನ್ನುತ್ತದೆ.

ಅಜ್ಜಿಗೆ ಇದಿಷ್ಟೂ ಹೆಮ್ಮೆ. ಆದರೆ ನೊವ್ಗೊರೊದ್ ಕಡೆಯ ಸಹೋದ್ಯೋಗಿಯೊಬ್ಬರು ಮುಂದಿನ ಕಥೆ ಹೇಳಿದರು. ಪಶ್ಚಿಮದವರ ಎದುರು ಕತ್ತಿ ಹಿಡಿದವನು ಪೂರ್ವದ ಮಂಗೋಲರಿಗೆ ತಲೆ ಬಾಗಿದ. ಅವರ ರಾಜಧಾನಿ ಕಾರಕೋರಂವರೆಗೂ ಹೋಗಿ ಬಂದ. 1252ರಲ್ಲಿ ಅವರ ಒಪ್ಪಿಗೆಯಿಂದಲೇ ವ್ಲಾದಿಮಿರ್ ನಗರದ ಮಹಾರಾಜನಾದ. ಮಂಗೋಲರು ಗೆಲ್ಲದೇ ಬಿಟ್ಟಿದ್ದ ನೊವ್ಗೊರೊದ್‌ನಲ್ಲಿ ತಲೆ ಎಣಿಸಿ ಕಪ್ಪ ವಸೂಲಿ ಮಾಡಲು ಇವನೇ ಮುಂದೆ ನಿಂತ. ಊರಿನವರು ತಿರುಗಿಬಿದ್ದರು, ಇವನ ಮಗ ವಸೀಲಿಯೂ ಅವರ ಜೊತೆ ಸೇರಿದ. ಮಗನನ್ನು ಹಿಡಿಸಿ ದೂರ ಕಳಿಸಿದ. ಅವನ ಜೊತೆಗಾರರಲ್ಲಿ ಕೆಲವರ ಮೂಗು ಕೊಯ್ಸಿದ, ಕೆಲವರ ಕಣ್ಣು ಕೀಳಿಸಿದ.

ಇದನ್ನು ಕೇಳಿ ನನಗೆ ಬಹಳ ದಿನ ಸಮಾಧಾನವಿರಲಿಲ್ಲ. ನಾಡು ಉಳಿಯಲು ಬೇರೆ ದಾರಿ ಇರಲಿಲ್ಲ ಅಂತಾರೆ ಅಜ್ಜಿ. ಮಂಗೋಲರು ಅದಾಗಲೇ ಎಷ್ಟೋ ಊರು ಸುಟ್ಟಿದ್ದರು, ಅದೂ ನಿಜವೇ. ಅವನ ಲೆಕ್ಕ ಸರಿಯಿತ್ತು ಅಂತ ನಾನೂ ಒಪ್ಪುತ್ತೇನೆ. ಆದರೆ ಆ ಕಣ್ಣುಗಳ ವಿಷಯ ಮರೆಯಲು ನನ್ನಿಂದ ಆಗಿಲ್ಲ.

1263ರಲ್ಲಿ ಮಂಗೋಲರ ಬೀಡಿನಿಂದ ವಾಪಸ್ ಬರುತ್ತಾ ಗೊರೊದೆತ್ಸ್ ಎಂಬ ಊರಿನಲ್ಲಿ ತೀರಿಕೊಂಡ. ಕಿರಿಯ ಮಗ ದನೀಲ್‌ಗೆ ಮಾಸ್ಕೋ ಎಂಬ ಸಣ್ಣ ಪಾಲು ಬಂತು. ಮುಂದೆ ರಷ್ಯಾವನ್ನು ಆಳಿದ್ದು ಆ ಪಾಲಿನವರೇ ನೋಡು. 1547ರಲ್ಲಿ ಚರ್ಚು ಅಲೆಕ್ಸಾಂಡರ್‌ನನ್ನು ಸಂತನೆಂದಿತು. 1724ರಲ್ಲಿ ಪೀಟರ್ ದೊರೆ ಅವನ ಅಸ್ಥಿಯನ್ನು ವ್ಲಾದಿಮಿರ್‌ನಿಂದ ಆಗಿನ ಹೊಸ ರಾಜಧಾನಿಯಾದ ಈ ಊರಿಗೆ ತರಿಸಿದ. 1942ರಲ್ಲಿ, ಯುದ್ಧದ ನಡುವೆ, ದೇವರನ್ನು ನಂಬದ ಸೋವಿಯತ್ ಸರ್ಕಾರ ಕೂಡ ಅವನ ಹೆಸರಲ್ಲಿ ಪದಕ ಕೊಟ್ಟಿತು.

ಇಲ್ಲಿ ಯಾರಾದರೂ ಅವನ ಮಾತೆತ್ತಿದರೆ ಸುಮ್ನೆ ತಲೆಯಾಡಿಸಬೇಡ. ನೀವೇನಂತೀರಿ ಅಂತ ಕೇಳು. ನನಗೆ ಗೆಳೆಯರು ಸಿಕ್ಕಿದ್ದು ಹಾಗೇ.

ಸೆಪ್ಟೆಂಬರ್ 12ರಂದು ಕಜಾನ್ ಕೆಥೆಡ್ರಲ್‌ನಿಂದ ನೆವ್ಸ್ಕಿ ರಸ್ತೆಯುದ್ದಕ್ಕೂ ಅವನ ಮೆರವಣಿಗೆ ಹೊರಟು ಅವನ ಹೆಸರಿನ ಮಠದವರೆಗೆ ಹೋಗುತ್ತದೆ. ಅಷ್ಟರಲ್ಲಿ ಬಂದಿದ್ದರೆ ಹೇಳು, ಅಜ್ಜಿಯನ್ನೂ ಕರೆದುಕೊಂಡು ಹೋಗೋಣ. ಗುಡಿಯೊಳಗೆ ಟೋಪಿ ಮಾತ್ರ ತೆಗೆಯಬೇಕು, ಮರೀಬೇಡ.