ಓದುಗರ ಪ್ರಶ್ನೆಗಳು: ಡೀಬಗ್ ರಿಜಿಸ್ಟರ್ ಯಾರ ಸೊತ್ತು?

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಐದು ಒಂದೇ ವಿಷಯಕ್ಕೆ ಸೇರಿವೆ: ಪ್ರೊಸೆಸರಿನಲ್ಲೇ ಇರುವ ಬ್ರೇಕ್‌ಪಾಯಿಂಟ್ (ದೋಷ ಹುಡುಕಲು ಪ್ರೋಗ್ರಾಮನ್ನು ಗೊತ್ತಾದ ಜಾಗದಲ್ಲಿ ನಿಲ್ಲಿಸುವ) ಸೌಲಭ್ಯವನ್ನು ಕರ್ನಲ್‌ನೊಳಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನೊಳಗೆ, ಅಳವಡಿಸುವುದು ಹೇಗೆ ಎಂಬುದು. ಅವುಗಳನ್ನು ಸಂಕ್ಷೇಪಿಸಿ ಒಟ್ಟಿಗೆ ಉತ್ತರಿಸಿದ್ದೇವೆ. ಬಹುತೇಕ ಎಲ್ಲರೂ ಎಕ್ಸ್86 (ಇಂಟೆಲ್, ಎಎಂಡಿ ಬಗೆಯ ಪ್ರೊಸೆಸರಿನ) ಯಂತ್ರವನ್ನು ಮುಂದಿಟ್ಟುಕೊಂಡೇ ಕೇಳಿರುವುದರಿಂದ ಉತ್ತರಗಳೂ ಮುಖ್ಯವಾಗಿ ಅದಕ್ಕೇ ಅನ್ವಯಿಸುತ್ತವೆ. ಇನ್ನೊಂದು ಬಗೆಯ ಪ್ರೊಸೆಸರಾದ ಆರ್ಮ್ ಬೇರೆ ದಾರಿ ಹಿಡಿಯುವ ಕಡೆಗಳಲ್ಲಿ ಅದನ್ನು ಸೂಚಿಸಿದ್ದೇವೆ.

ಪ್ರಶ್ನೆ: ಕಲಿಕೆಗಾಗಿ ಒಂದು ಪುಟ್ಟ ಕರ್ನಲ್ ಬರೆಯುತ್ತಿದ್ದೇನೆ. ಐಎನ್‌ಟಿ 3 ಆದೇಶದ ಮೂಲಕ ಬ್ರೇಕ್‌ಪಾಯಿಂಟ್ ಈಗಾಗಲೇ ಕೆಲಸ ಮಾಡುತ್ತಿದೆ, ಎಷ್ಟು ಬೇಕಾದರೂ ಇಡಬಹುದು. ಹೀಗಿರುವಾಗ ನಾಲ್ಕೇ ನಾಲ್ಕು ಸಿಗುವ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್‌ಗಾಗಿ ಶ್ರಮಪಡಬೇಕೆ?

ಉತ್ತರ: ಪಡಬೇಕು. ಸಾಫ್ಟ್‌ವೇರ್ ಬ್ರೇಕ್‌ಪಾಯಿಂಟ್ ಎಂದರೆ ಕೋಡನ್ನೇ ತಿದ್ದುವುದು. ಮೂಲ ಆದೇಶದ ಮೊದಲ ಬೈಟನ್ನು ಎತ್ತಿಟ್ಟುಕೊಂಡು, ಆ ಜಾಗದಲ್ಲಿ ಹೆಕ್ಸ್ ಸಂಖ್ಯೆಯಲ್ಲಿ ಸಿಸಿ ಎಂದು ಬರೆಯುವ, ಐಎನ್‌ಟಿ 3 ಆದೇಶದ ಒಂದು ಬೈಟನ್ನು ಕೂರಿಸುತ್ತೀರಿ. ಓದಲಷ್ಟೇ ಬರುವ ಮೆಮೊರಿಯಲ್ಲಿರುವ (ಆರ್‌ಒಎಂ) ಕೋಡಿನಲ್ಲಿ ಇದು ಸಾಧ್ಯವಿಲ್ಲ. ಮುಂದೆ ಸಾಗಲು ಮೂಲ ಬೈಟನ್ನು ಒಂದು ಕ್ಷಣ ಮರಳಿಸಿದಾಗ ಅದೇ ಕೋಡಿನ ಮೇಲೆ ಓಡುತ್ತಿರುವ ಇನ್ನೊಂದು ಥ್ರೆಡ್ (ಪ್ರೋಗ್ರಾಮಿನೊಳಗೆ ಸ್ವತಂತ್ರವಾಗಿ ಓಡುವ ಎಳೆ) ನಿಮ್ಮ ಕಣ್ತಪ್ಪಿಸಿ ದಾಟಿಹೋಗಬಹುದು. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ‘ಈ ಆದೇಶ ಯಾವಾಗ ನಡೆಯುತ್ತದೆ’ ಎಂದು ಮಾತ್ರ ಅದರಿಂದ ಕೇಳಬಹುದು. ‘ಈ ವೇರಿಯಬಲ್ಲನ್ನು ಯಾರು ಕೆಡಿಸುತ್ತಿದ್ದಾರೆ’ ಎಂದು ಕೇಳಲು ಬರುವುದಿಲ್ಲ. ಕರ್ನಲ್ ಬರೆಯುವವರನ್ನು ನಿದ್ದೆಗೆಡಿಸುವುದು ಸಾಮಾನ್ಯವಾಗಿ ಎರಡನೆಯ ಪ್ರಶ್ನೆಯೇ.

1985ರ 80386 ಪ್ರೊಸೆಸರಿನೊಂದಿಗೆ ಬಂದ ವ್ಯವಸ್ಥೆಯೇ ಇಂದಿಗೂ ಉಳಿದಿದೆ. ಡಿಆರ್0ರಿಂದ ಡಿಆರ್3ರವರೆಗಿನ ನಾಲ್ಕು ಡೀಬಗ್ ರಿಜಿಸ್ಟರುಗಳಲ್ಲಿ (ಪ್ರೊಸೆಸರಿನೊಳಗಿನ ಪುಟ್ಟ ಶೇಖರಣಾ ಜಾಗಗಳಲ್ಲಿ) ವಿಳಾಸಗಳನ್ನು ಬರೆಯಬೇಕು. ಯಾವುದು ಜಾರಿಯಲ್ಲಿದೆ, ಎಷ್ಟು ಬೈಟ್ ಅಗಲ, ಯಾವ ಬಗೆಯ ಬಳಕೆಗೆ ನಿಲ್ಲಬೇಕು ಎಂಬುದನ್ನು ಡಿಆರ್7 ಹೇಳುತ್ತದೆ. ನಿಂತದ್ದು ಯಾವುದರಿಂದ ಎಂಬುದನ್ನು ಡಿಆರ್6 ತಿಳಿಸುತ್ತದೆ. ಅಗಲವು 1, 2, 4 ಬೈಟ್ ಆಗಿರಬಹುದು, 64 ಬಿಟ್ ವಿಧಾನದಲ್ಲಿ 8 ಕೂಡ. ವಿಳಾಸವು ಆ ಅಗಲಕ್ಕೆ ಸರಿಯಾಗಿ ಭಾಗವಾಗುವಂತಿರಬೇಕು. ಆದೇಶದ ಮೇಲೆ ಕಾವಲಿಡುವುದಾದರೆ (ಹೀಗೆ ಇಟ್ಟ ಬ್ರೇಕ್‌ಪಾಯಿಂಟನ್ನು ಇನ್ನು ಕಾವಲು ಎನ್ನೋಣ) ಅಗಲ 1 ಎಂದೇ ಬರೆಯಬೇಕು. ಕೇವಲ ಓದುವಿಕೆಗೆ ನಿಲ್ಲಿಸುವ ಆಯ್ಕೆ ಎಕ್ಸ್86ರಲ್ಲಿ ಇಲ್ಲ; ಬರೆದಾಗ ಮಾತ್ರ ನಿಲ್ಲು, ಇಲ್ಲವೇ ಓದಿದರೂ ಬರೆದರೂ ನಿಲ್ಲು ಎಂದಷ್ಟೇ ಹೇಳಬಹುದು. ಆರ್ಮ್‌ನ 64 ಬಿಟ್ ಪ್ರೊಸೆಸರುಗಳಲ್ಲಿ ಆದೇಶಗಳಿಗೆ ಒಂದು, ದತ್ತಾಂಶಕ್ಕೆ ಇನ್ನೊಂದು ಎಂದು ಎರಡು ಗುಂಪುಗಳಿವೆ. ಪ್ರತಿ ಗುಂಪಿನಲ್ಲೂ 2ರಿಂದ 16ರವರೆಗೆ ಇರಬಹುದಾದ್ದರಿಂದ, ಎಷ್ಟಿವೆ ಎಂಬುದನ್ನು ಕರ್ನಲ್ ಗುರುತಿನ ರಿಜಿಸ್ಟರಿನಿಂದ ಓದಿ ತಿಳಿಯಬೇಕು. ನಾಲ್ಕು ಎಂಬ ಅಂಕಿಯನ್ನು ಕೋಡಿನ ತುಂಬ ಚೆಲ್ಲಾಡಬೇಡಿ.

ಪ್ರಶ್ನೆ: ನನ್ನ ಕರ್ನಲ್‌ನ ಸಿಸ್ಟಂ ಕಾಲ್ (ಪ್ರೋಗ್ರಾಮ್ ಕರ್ನಲ್ಲಿನ ಸೇವೆ ಕೇಳುವ ದಾರಿ) ಒಂದರಲ್ಲಿ ಬಳಕೆದಾರರು ಕೊಟ್ಟ ವಿಳಾಸವನ್ನು ಡಿಆರ್0ರಲ್ಲಿ ಬರೆದು ಡಿಆರ್7ರಲ್ಲಿ ಜಾರಿಗೊಳಿಸುತ್ತೇನೆ. ಒಂದೇ ಕೋರ್ ಇರುವ ಎಮ್ಯುಲೇಟರಿನಲ್ಲಿ ಒಂದೇ ಪ್ರೋಗ್ರಾಮ್ ಓಡಿಸಿದಾಗ ಎಲ್ಲವೂ ಸರಿಯಾಗಿತ್ತು. ನಾಲ್ಕು ಕೋರುಗಳ ಯಂತ್ರದಲ್ಲಿ ಕೆಲವೊಮ್ಮೆ ನಿಲ್ಲುವುದೇ ಇಲ್ಲ, ಕೆಲವೊಮ್ಮೆ ಸಂಬಂಧವೇ ಇಲ್ಲದ ಪ್ರೋಗ್ರಾಮ್ ನಿಲ್ಲುತ್ತದೆ. ರಿಜಿಸ್ಟರಿಗೆ ಬರೆಯುವುದರಲ್ಲಿ ತಪ್ಪಾಗಿದೆಯೇ?

ಉತ್ತರ: ಬರೆಯುವುದರಲ್ಲಿ ತಪ್ಪಿಲ್ಲ, ಆ ರಿಜಿಸ್ಟರ್ ಯಾರದೆಂದು ಭಾವಿಸಿದ್ದರಲ್ಲಿ ತಪ್ಪಿದೆ. ಬ್ರೇಕ್‌ಪಾಯಿಂಟನ್ನು ಕೇಳಿದ್ದು ಒಂದು ಥ್ರೆಡ್. ಆದರೆ ಡೀಬಗ್ ರಿಜಿಸ್ಟರ್ ಇರುವುದು ಒಂದು ಕೋರಿನಲ್ಲಿ. ಆ ಕೋರಿಗೆ ಥ್ರೆಡ್ ಎಂದರೇನೆಂದೇ ಗೊತ್ತಿಲ್ಲ. ಥ್ರೆಡ್ ಬೇರೊಂದು ಕೋರಿಗೆ ವಲಸೆ ಹೋದರೆ ಕಾವಲು ಹಳೆಯ ಕೋರಿನಲ್ಲೇ ಉಳಿಯುತ್ತದೆ, ಅಲ್ಲಿಗೆ ಬಂದ ಮತ್ತೊಂದು ಪ್ರೋಗ್ರಾಮ್ ತನ್ನದೇ ಮೆಮೊರಿಯ ಅದೇ ಸಂಖ್ಯೆಯ ವಿಳಾಸವನ್ನು ಮುಟ್ಟಿದೊಡನೆ ಸಿಕ್ಕಿಬೀಳುತ್ತದೆ. ನೀವು ಕಂಡ ಎರಡು ಲಕ್ಷಣಗಳಿಗೂ ಇದೊಂದೇ ಮೂಲ.

ಆದ್ದರಿಂದ ಅಧಿಕೃತ ಪ್ರತಿ ಯಾವಾಗಲೂ ಥ್ರೆಡ್ಡಿನ ಕರ್ನಲ್ ದಾಖಲೆಯಲ್ಲಿರಬೇಕು. ರಿಜಿಸ್ಟರಿನಲ್ಲಿರುವುದು ಅದರ ತಾತ್ಕಾಲಿಕ ನಕಲು ಮಾತ್ರ. ಥ್ರೆಡ್ ಬದಲಾಗುವ ಹೊತ್ತಿನಲ್ಲಿ ಹೊರಹೋಗುವವರ ಕಾವಲನ್ನು ತೆಗೆದು ಒಳಬರುವವರದನ್ನು ಹಾಕಬೇಕು. ಕ್ರಮವೂ ಮುಖ್ಯ: ಮೊದಲು ಡಿಆರ್7ರಲ್ಲಿ ನಿಲ್ಲಿಸಿ, ಆಮೇಲೆ ವಿಳಾಸಗಳನ್ನು ಬದಲಿಸಿ, ಕೊನೆಗೆ ಮತ್ತೆ ಜಾರಿಗೊಳಿಸಿ. ಇಲ್ಲವಾದರೆ ಹೊಸ ವಿಳಾಸವೂ ಹಳೆಯ ಅಗಲವೂ ಒಂದು ಕ್ಷಣ ಜೊತೆಯಾಗಿ ನಿಂತಿರುತ್ತವೆ. ಡೀಬಗ್ ರಿಜಿಸ್ಟರಿಗೆ ಬರೆಯುವುದು ಪ್ರೊಸೆಸರಿನ ಓಟವನ್ನೇ ಕ್ಷಣಕಾಲ ತಡೆಯುವ ದುಬಾರಿ ಕೆಲಸವಾದ್ದರಿಂದ, ಥ್ರೆಡ್ಡಿನ ದಾಖಲೆಯಲ್ಲಿ ‘ಇವರಿಗೆ ಕಾವಲಿದೆ’ ಎಂಬ ಒಂದು ಗುರುತಿಟ್ಟು, ಹೋಗುವವರಿಗೂ ಬರುವವರಿಗೂ ಅದಿಲ್ಲದಿದ್ದರೆ ಈ ಭಾಗವನ್ನೇ ಹಾರಿಸಿಬಿಡಿ. ಬಹುಪಾಲು ಥ್ರೆಡ್ಡುಗಳು ತಮ್ಮ ಆಯುಷ್ಯದಲ್ಲಿ ಒಮ್ಮೆಯೂ ಬ್ರೇಕ್‌ಪಾಯಿಂಟ್ ಕಾಣುವುದಿಲ್ಲ. ಅವು ಅದಕ್ಕೆ ಬೆಲೆ ತೆರಬಾರದು.

ಕರ್ನಲ್ ತನ್ನದೇ ವೇರಿಯಬಲ್ಲಿನ ಮೇಲೆ ಕಾವಲಿಡುವುದು ಬೇರೆಯೇ ಸಂಗತಿ. ಅದು ಎಲ್ಲ ಕೋರುಗಳಲ್ಲೂ ಇರಬೇಕು, ಮತ್ತು ಒಂದು ಕೋರ್ ಇನ್ನೊಂದರ ರಿಜಿಸ್ಟರನ್ನು ಮುಟ್ಟಲಾರದು. ಪ್ರತಿ ಕೋರಿಗೂ ಅಂತರ್-ಕೋರ್ ಇಂಟರಪ್ಟ್ (ನಡೆಯುತ್ತಿರುವ ಕೆಲಸ ನಿಲ್ಲಿಸಿ ಗಮನಿಸುವಂತೆ ಮಾಡುವ ಸಂಕೇತ) ಕಳುಹಿಸಿ, ಅಲ್ಲೇ ಬರೆಸಿ, ಎಲ್ಲರೂ ಮುಗಿಸಿದರೆಂದು ಖಚಿತವಾದ ಮೇಲೆ ‘ಕಾವಲು ಬಿತ್ತು’ ಎಂದು ಹೇಳಬೇಕು. ಆಮೇಲೆ ಚಾಲೂ ಆದ ಕೋರಿಗೂ, ನಿದ್ರಾವಸ್ಥೆಯಿಂದ ಎದ್ದ ಯಂತ್ರಕ್ಕೂ ಇದನ್ನು ಮತ್ತೆ ತುಂಬಬೇಕು. ಈ ಕೊನೆಯದನ್ನು ಮರೆಯದವರು ಅಪರೂಪ. ಈ ಅಂಕಣ ಬರೆಯುತ್ತಿರುವವನೂ ಅವರಲ್ಲಿ ಒಬ್ಬನಲ್ಲ.

ಈಗ ಅದೇ ನಾಲ್ಕು ರಿಜಿಸ್ಟರುಗಳಿಗೆ ಇಬ್ಬರು ಹಕ್ಕುದಾರರಾದರು. ಕರ್ನಲ್ ಮೂರನ್ನು ಹಿಡಿದಿದ್ದು, ಒಂದು ಥ್ರೆಡ್ ಎರಡನ್ನು ಕೇಳಿದರೆ, ‘ಇಲ್ಲ’ ಎಂಬ ಉತ್ತರವನ್ನು ಕೇಳಿದ ಹೊತ್ತಿನಲ್ಲೇ ಕೊಡಬೇಕು. ಒಪ್ಪಿಕೊಂಡು, ಆಮೇಲೆ ಥ್ರೆಡ್ ಬದಲಾವಣೆಯ ನಡುವೆ ಜಾಗವಿಲ್ಲವೆಂದು ಕಂಡುಕೊಂಡರೆ ದೂರು ಹೇಳಲು ಅಲ್ಲಿ ಯಾರೂ ಇರುವುದಿಲ್ಲ. ಲಿನಕ್ಸ್‌ನಲ್ಲಿ ಡೀಬಗ್ಗರುಗಳ ಪಿಟ್ರೇಸ್ ಸೌಲಭ್ಯ, ಕರ್ನಲ್ಲಿನ ಒಳಗಿನ ಬಳಕೆ ಮತ್ತು ಪರ್ಫ್ ಮಾಪನ ಮೂರನ್ನೂ ಒಂದೇ ಹಂಚಿಕೆಯ ಕೆಳಗೆ ತಂದದ್ದು 2010ರಲ್ಲಿ ಹೊರಬಂದ 2.6.33 ಆವೃತ್ತಿ. ಚಿಕ್ಕ ಕರ್ನಲ್ಲಿಗೆ ಅಷ್ಟು ದೊಡ್ಡ ಏರ್ಪಾಡು ಬೇಡ, ಆದರೆ ಒಬ್ಬನೇ ಹಂಚಿಕೆದಾರ ಇರಲಿ; ಡಿಆರ್7ಕ್ಕೆ ಬರೆಯುವ ಸಾಲು ಕೋಡಿನಲ್ಲಿ ಎರಡು ಕಡೆ ಕಂಡರೆ ಅಲ್ಲೊಂದು ದೋಷ ಹುಟ್ಟಿದೆಯೆಂದೇ ತಿಳಿಯಿರಿ. ಥ್ರೆಡ್ ಮುಗಿದಾಗ, ಮತ್ತು ಹೊಸ ಪ್ರೋಗ್ರಾಮನ್ನು ತನ್ನ ಮೇಲೆ ಹೇರಿಕೊಂಡು ಅದರ ಹಳೆಯ ವಿಳಾಸಗಳೆಲ್ಲ ಅರ್ಥ ಕಳೆದುಕೊಂಡಾಗ, ಕಾವಲನ್ನು ಕಳಚಿ ಜಾಗವನ್ನು ಹಿಂದಿರುಗಿಸಬೇಕು.

ಕೇಳದೇ ಇದ್ದ ಇನ್ನೊಂದು ಮಾತು: ಬಳಕೆದಾರರು ಕೊಟ್ಟ ವಿಳಾಸವನ್ನು ನೀವು ಪರಿಶೀಲಿಸುತ್ತಿರುವಂತೆ ನಿಮ್ಮ ವಿವರಣೆಯಲ್ಲಿ ಕಾಣಲಿಲ್ಲ. ಬಳಕೆದಾರರ ಕೋಡಿನಲ್ಲಿ ಮಾತ್ರ ನಿಲ್ಲು ಎಂದು ಹೇಳುವ ಬಿಟ್ ಆರ್ಮ್‌ನಲ್ಲಿದೆ, ಎಕ್ಸ್86ರ ಡಿಆರ್7ರಲ್ಲಿ ಇಲ್ಲ. ಹೀಗಾಗಿ ಕರ್ನಲ್ ವಿಳಾಸವನ್ನು ಕೊಟ್ಟವರಿಗೆ ಕರ್ನಲ್ಲಿನ ಚಲನವಲನದ ಸುಳಿವು ಸಿಗುತ್ತದೆ. ವಿಳಾಸದಿಂದ ಅಗಲದ ಕೊನೆಯ ಬೈಟಿನವರೆಗೆ ಎಲ್ಲವೂ ಬಳಕೆದಾರರ ಭಾಗದೊಳಗೇ ಇದೆಯೆಂದು ನೋಡಿಕೊಳ್ಳಿ.

ಪ್ರಶ್ನೆ: ಆದೇಶದ ಮೇಲಿಟ್ಟ ಬ್ರೇಕ್‌ಪಾಯಿಂಟ್ ಒಮ್ಮೆ ತಾಗಿದ ಮೇಲೆ ಪ್ರೋಗ್ರಾಮ್ ಮುಂದೆ ಹೋಗುವುದೇ ಇಲ್ಲ, ಅಲ್ಲೇ ಮತ್ತೆ ಮತ್ತೆ ನಿಲ್ಲುತ್ತದೆ. ದತ್ತಾಂಶದ ಮೇಲಿಟ್ಟದ್ದು ಮುಂದೆ ಹೋಗುತ್ತದೆ, ಆದರೆ ತೋರಿಸುವ ಸಾಲು ತಪ್ಪು. ಏಕೆ?

ಉತ್ತರ: ಒಂದು ಕೆಲಸಕ್ಕೆ ಮುಂಚೆ ನಿಲ್ಲುತ್ತದೆ, ಇನ್ನೊಂದು ಕೆಲಸವಾದ ಮೇಲೆ ನಿಲ್ಲುತ್ತದೆ. ಆದೇಶದ ಕಾವಲಿನಲ್ಲಿ ಆದೇಶ ಇನ್ನೂ ನಡೆದಿರುವುದಿಲ್ಲ. ಹಾಗೆಯೇ ಹಿಂದಿರುಗಿದರೆ ಅದೇ ವಿಳಾಸ, ಅದೇ ತಡೆ. ಇದಕ್ಕೆಂದೇ ಫ್ಲ್ಯಾಗ್ಸ್ ರಿಜಿಸ್ಟರಿನ 16ನೆಯ ಬಿಟ್ ಇದೆ, ಅದನ್ನು ಆರ್‌ಎಫ್ ಎನ್ನುತ್ತಾರೆ. ಸ್ಟ್ಯಾಕಿನಲ್ಲಿ ಉಳಿಸಿದ ಫ್ಲ್ಯಾಗ್ಸ್ ಪ್ರತಿಯಲ್ಲಿ ನಿಮ್ಮ ಹ್ಯಾಂಡ್ಲರ್ (ಕಾವಲು ತಾಗಿದಾಗ ಓಡುವ ಕರ್ನಲ್ ಕೋಡು) ಈ ಬಿಟ್ಟನ್ನು 1 ಮಾಡಿ ಐರೆಟ್ ಆದೇಶದ ಮೂಲಕ ಹಿಂದಿರುಗಿದರೆ, ಮುಂದಿನ ಒಂದು ಆದೇಶದ ಮಟ್ಟಿಗೆ ಆದೇಶದ ಕಾವಲನ್ನು ಪ್ರೊಸೆಸರ್ ಲೆಕ್ಕಿಸುವುದಿಲ್ಲ. ದತ್ತಾಂಶದ ಕಾವಲಿನಲ್ಲಾದರೋ ಬರೆಯುವುದು ಆಗಿಹೋಗಿರುತ್ತದೆ, ಉಳಿಸಿದ ವಿಳಾಸ ಅದರ ಮುಂದಿನ ಆದೇಶದ್ದು. ನೀವು ನೋಡುತ್ತಿರುವ ಸಾಲು ಅಪರಾಧಿಯದಲ್ಲ, ಅವನ ನಂತರ ಬಂದವನದು. ಹಳೆಯ ಮೌಲ್ಯ ಬೇಕಿದ್ದರೆ ಕಾವಲಿಡುವಾಗಲೇ ಓದಿಟ್ಟುಕೊಳ್ಳಬೇಕು.

ಆರ್ಮ್‌ನ 64 ಬಿಟ್ ಪ್ರೊಸೆಸರಿನಲ್ಲಿ ಎರಡೂ ಮುಂಚೆಯೇ ನಿಲ್ಲುತ್ತವೆ, ಮತ್ತು ಆರ್‌ಎಫ್‌ನಂಥ ಬಿಟ್ ಅಲ್ಲಿಲ್ಲ. ಕಾವಲನ್ನು ತಾತ್ಕಾಲಿಕವಾಗಿ ಇಳಿಸಿ, ಒಂದೇ ಒಂದು ಹೆಜ್ಜೆ ನಡೆಸಿ, ಮತ್ತೆ ಏರಿಸಬೇಕು. ಆ ಒಂದು ಹೆಜ್ಜೆಯ ನಡುವೆ ಥ್ರೆಡ್ ಬದಲಾದರೆ ಏನಾಗಬೇಕೆಂಬುದನ್ನು ಕಾಗದದ ಮೇಲೆ ಬರೆದುಕೊಂಡೇ ಕೋಡ್ ಬರೆಯುವುದು ಒಳ್ಳೆಯದು.

ಪ್ರಶ್ನೆ: ಡೀಬಗ್ ಎಕ್ಸೆಪ್ಶನ್ (ಕಾವಲು ತಾಗಿದಾಗ ಪ್ರೊಸೆಸರ್ ಎಬ್ಬಿಸುವ ತಡೆ) ಹ್ಯಾಂಡ್ಲರ್ ಬರೆಯುವಾಗ ಬೇರೆ ಎಕ್ಸೆಪ್ಶನ್‌ಗಳಿಗಿಲ್ಲದ ವಿಶೇಷ ಎಚ್ಚರ ಏನಾದರೂ ಬೇಕೇ?

ಉತ್ತರ: ಬೇಕು, ಮತ್ತು ಈ ಕಂತಿನಲ್ಲಿ ನಮಗೆ ಅತಿ ಮುಖ್ಯವೆನಿಸಿದ ಪ್ರಶ್ನೆ ಇದೇ. ಸಣ್ಣ ಸಂಗತಿಗಳನ್ನು ಮೊದಲು ಮುಗಿಸೋಣ. ಡಿಆರ್6ರ ಕೆಳಗಿನ ನಾಲ್ಕು ಬಿಟ್‌ಗಳನ್ನು ಪ್ರೊಸೆಸರ್ ತಾನಾಗಿ ಅಳಿಸುವುದಿಲ್ಲ. ನೀವು ಅಳಿಸದಿದ್ದರೆ ನಿನ್ನೆಯ ಸುದ್ದಿಯೇ ಇಂದೂ ಬರುತ್ತದೆ. ಡಿಆರ್7ರಲ್ಲಿ ಜಾರಿಯಲ್ಲಿಲ್ಲದ ವಿಳಾಸ ಹೊಂದಿಕೆಯಾದರೂ ಆ ಬಿಟ್ ಮೇಲೇಳಬಹುದು, ಆದ್ದರಿಂದ ಎರಡನ್ನೂ ತಾಳೆ ನೋಡಬೇಕು. ಒಂದೊಂದೇ ಹೆಜ್ಜೆಯ ಓಟವೂ ಇದೇ 1ನೆಯ ವೆಕ್ಟರಿಗೆ (ಎಕ್ಸೆಪ್ಶನ್ ಸಂಖ್ಯೆಗೆ) ಬರುತ್ತದೆ, ಅದರ ಗುರುತು ಡಿಆರ್6ರ 14ನೆಯ ಬಿಟ್. ಎರಡೂ ಒಟ್ಟಿಗೆ ಬರುವುದುಂಟು.

ದೊಡ್ಡ ಸಂಗತಿ ಇದು: ಈ ಎಕ್ಸೆಪ್ಶನ್ ಎಲ್ಲಿ ಬೇಕಾದರೂ ಬರಬಹುದು, ಅದರ ಹ್ಯಾಂಡ್ಲರಿನೊಳಗೂ. ಹ್ಯಾಂಡ್ಲರ್ ಬಳಸುವ ವೇರಿಯಬಲ್ಲಿನ ಮೇಲೆಯೇ ಯಾರೋ ಕಾವಲಿಟ್ಟಿದ್ದಾರೆನ್ನಿ. ಹ್ಯಾಂಡ್ಲರ್ ಅದನ್ನು ಮುಟ್ಟಿದೊಡನೆ ಎಕ್ಸೆಪ್ಶನ್ ಮತ್ತೆ ಬರುತ್ತದೆ. ಇದಕ್ಕಾಗಿ ಪ್ರತ್ಯೇಕ ಸ್ಟ್ಯಾಕ್ ಇಟ್ಟಿದ್ದರೆ ಪ್ರೊಸೆಸರ್ ಪ್ರತಿ ಬಾರಿಯೂ ಅದರ ಮೇಲ್ತುದಿಯಿಂದಲೇ ಆರಂಭಿಸುವುದರಿಂದ ಎರಡನೆಯ ಪ್ರವೇಶ ಮೊದಲನೆಯದರ ದಾಖಲೆಯನ್ನು ಅಳಿಸಿಹಾಕುತ್ತದೆ, ಹಿಂದಿರುಗುವ ದಾರಿಯೇ ಉಳಿಯುವುದಿಲ್ಲ. ಪರಿಹಾರ ಸರಳವಾಗಿದೆ: ಒಳಬಂದ ಕೂಡಲೇ ಡಿಆರ್7ನ್ನು ಉಳಿಸಿಟ್ಟು ಕಾವಲುಗಳೆಲ್ಲವನ್ನೂ ಇಳಿಸಿ, ಹೊರಡುವಾಗ ಮತ್ತೆ ಹಾಕಿ. ಆದರೆ ಆ ಇಳಿಸುವ ಸಾಲಿಗೆ ತಲುಪುವವರೆಗಿನ ಕೆಲವು ಆದೇಶಗಳು ಬಯಲಲ್ಲೇ ಇರುತ್ತವೆ. ಪ್ರವೇಶದ ಕೋಡು, ಅದು ಮುಟ್ಟುವ ಸ್ಟ್ಯಾಕ್ ಮತ್ತು ಕೋಷ್ಟಕಗಳು ಇವುಗಳ ಮೇಲೆ ಕಾವಲಿಡಲು ಹಂಚಿಕೆದಾರನೇ ಒಪ್ಪಬಾರದು.

ಇದು ಅತಿ ಎಚ್ಚರವೆನಿಸಿದರೆ 2018ರ ಮೇ ತಿಂಗಳಲ್ಲಿ ಬಯಲಾದ, ಸಿವಿಇ-2018-8897 ಎಂದು ದಾಖಲಾದ ದೋಷವನ್ನು ನೆನೆಯಬಹುದು. ಸ್ಟ್ಯಾಕ್ ಸೆಗ್ಮೆಂಟ್ ರಿಜಿಸ್ಟರಿಗೆ ತುಂಬುವ ಆದೇಶದ ನಂತರ ಒಂದು ಆದೇಶದಷ್ಟು ಕಾಲ ಡೀಬಗ್ ಎಕ್ಸೆಪ್ಶನ್ನನ್ನು ಪ್ರೊಸೆಸರ್ ತಡೆಹಿಡಿಯುತ್ತದೆ. ಸ್ಟ್ಯಾಕನ್ನು ಬದಲಿಸುವ ಎರಡು ಆದೇಶಗಳ ನಡುವೆ ಅಡಚಣೆ ಬರಬಾರದೆಂಬ ಹಳೆಯ ಏರ್ಪಾಡು ಅದು. ಆ ಸೆಗ್ಮೆಂಟ್ ಮೌಲ್ಯವನ್ನು ಓದುವ ಮೆಮೊರಿಯ ಮೇಲೆ ಬಳಕೆದಾರರು ಮೊದಲೇ ಕಾವಲಿಟ್ಟು, ಮುಂದಿನ ಆದೇಶವಾಗಿ ಸಿಸ್ಟಂ ಕಾಲನ್ನೇ ಬರೆದರೆ, ತಡೆಹಿಡಿದಿದ್ದ ಎಕ್ಸೆಪ್ಶನ್ ಬಂದು ಬೀಳುವುದು ಕರ್ನಲ್ಲಿನ ಮೊದಲ ಆದೇಶದ ಮೇಲೆ. ಆ ಹೊತ್ತಿಗೆ ಕೋಡ್ ಸೆಗ್ಮೆಂಟ್ ಕರ್ನಲ್ಲಿನದು, ಆದರೆ ಕರ್ನಲ್ ತನ್ನ ದತ್ತಾಂಶವನ್ನು ಹುಡುಕಲು ಬಳಸುವ ಜಿಎಸ್ ರಿಜಿಸ್ಟರ್ ಮತ್ತು ಸ್ಟ್ಯಾಕ್ ಪಾಯಿಂಟರ್ ಇನ್ನೂ ಬಳಕೆದಾರರವು. ‘ಕರ್ನಲ್ಲಿನಿಂದಲೇ ಬಂದ ಎಕ್ಸೆಪ್ಶನ್, ಆದ್ದರಿಂದ ಎಲ್ಲವೂ ನನ್ನದೇ’ ಎಂದು ನಂಬಿದ ಹ್ಯಾಂಡ್ಲರ್ ಬಳಕೆದಾರರು ಇಟ್ಟ ಮೌಲ್ಯವನ್ನೇ ತನ್ನ ದತ್ತಾಂಶವೆಂದು ಓದುತ್ತದೆ. ವಿಂಡೋಸ್, ಮ್ಯಾಕ್‌ಓಎಸ್, ಲಿನಕ್ಸ್, ಫ್ರೀಬಿಎಸ್‌ಡಿ ಎಲ್ಲಕ್ಕೂ ಬೇರೆ ಬೇರೆ ಪ್ರಮಾಣದಲ್ಲಿ ಇದು ತಟ್ಟಿತು. ಪ್ರೊಸೆಸರ್ ಇಲ್ಲಿ ಕೆಟ್ಟಿರಲಿಲ್ಲ. ಕೈಪಿಡಿಯ ಒಂದು ವಿವರವನ್ನು ಅಷ್ಟೂ ಜನ ಒಂದೇ ರೀತಿ ತಪ್ಪಾಗಿ ಓದಿಕೊಂಡಿದ್ದರು. ನಿಮ್ಮ 64 ಬಿಟ್ ಕರ್ನಲ್ಲಿನಲ್ಲಿ ಈ ಎಕ್ಸೆಪ್ಶನ್ನಿಗೆ ಪ್ರತ್ಯೇಕ ಸ್ಟ್ಯಾಕ್ ಕೊಡಿ, ಮತ್ತು ಜಿಎಸ್ ಯಾರದೆಂಬುದನ್ನು ಕೋಡ್ ಸೆಗ್ಮೆಂಟಿನಿಂದ ಊಹಿಸದೆ ಅದರ ಮೌಲ್ಯವನ್ನೇ ನೋಡಿ ನಿರ್ಧರಿಸಿ.

ಪ್ರಶ್ನೆ: ಒಂದು ಬಫರ್ ಕೆಡುತ್ತಿದೆ. ಅದರ ಮೇಲೆ ಎಲ್ಲ ಕೋರುಗಳಲ್ಲೂ ಬರವಣಿಗೆಯ ಕಾವಲಿಟ್ಟಿದ್ದೇನೆ. ಮೌಲ್ಯ ಬದಲಾಗುತ್ತದೆ, ಕಾವಲು ಮಾತ್ರ ತಾಗುವುದಿಲ್ಲ. ಹಾರ್ಡ್‌ವೇರನ್ನು ನಂಬಬಹುದೇ?

ಉತ್ತರ: ನಂಬಬಹುದು, ಅದು ಏನನ್ನು ನೋಡುತ್ತದೆಂದು ತಿಳಿದುಕೊಂಡರೆ. ಹೋಲಿಕೆ ನಡೆಯುವುದು ಆ ಕೋರ್ ಬಳಸುವ ವರ್ಚುವಲ್ ವಿಳಾಸದ (ಓಡುತ್ತಿರುವ ಕೋಡಿಗೆ ಕಾಣುವ ವಿಳಾಸದ) ಮೇಲೆ, ಭೌತಿಕ ಮೆಮೊರಿಯ ಮೇಲಲ್ಲ. ಅದೇ ಭೌತಿಕ ಪುಟವನ್ನು ಬೇರೊಂದು ವರ್ಚುವಲ್ ವಿಳಾಸದಿಂದ ಬರೆದರೆ ಕಾವಲಿಗೆ ಅದು ಕಾಣುವುದಿಲ್ಲ. ಡಿಸ್ಕ್ ಅಥವಾ ನೆಟ್‌ವರ್ಕ್ ಸಾಧನ ಡಿಎಂಎ ಮೂಲಕ, ಅಂದರೆ ಪ್ರೊಸೆಸರಿನ ನೆರವಿಲ್ಲದೆ, ನೇರವಾಗಿ ಬರೆದರಂತೂ ಯಾವ ಕೋರೂ ಆ ಬರವಣಿಗೆಯನ್ನು ಮಾಡಿರುವುದೇ ಇಲ್ಲ. ಆದ್ದರಿಂದ ನಿಮ್ಮ ಕಾವಲಿನ ಮೌನವೂ ಒಂದು ಸಾಕ್ಷ್ಯ. ಮೊದಲು ನೀವೇ ಬೇಕೆಂದು ಆ ಬಫರಿಗೆ ಬರೆದು, ಕಾವಲು ತಾಗುತ್ತದೆಯೇ ನೋಡಿ, ಇಟ್ಟ 8 ಬೈಟಿನ ಆಚೆ ಬದಲಾವಣೆಯಾಗುತ್ತಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಿ. ಅದು ಸರಿಯಾಗಿದ್ದರೆ ಆ ಪುಟಕ್ಕೆ ಇರುವ ಇತರ ಮ್ಯಾಪಿಂಗ್‌ಗಳನ್ನು ಹುಡುಕಿ. ಅವೂ ಇಲ್ಲದಿದ್ದರೆ, ಬಿಡುಗಡೆಯಾದ ಬಫರಿನ ವಿಳಾಸವನ್ನು ಇನ್ನೂ ಹಿಡಿದುಕೊಂಡಿರುವ ಸಾಧನದ ಡ್ರೈವರನ್ನು ತೆರೆದು ನೋಡಿ.