ಹಳೇ ಲೇಸ್ ದಾರ ಮುಗಿದೋಯ್ತು, ಈಗ ಯಾವುದು ಹಾಕೋದು?

ಪ್ರಶ್ನೆ: ಮೇಡಂ, ನಮ್ಮಜ್ಜಿ ಅರ್ಧಕ್ಕೆ ಬಿಟ್ಟಿದ್ದ ಕ್ರೋಶಾ ಟೇಬಲ್ ಕ್ಲಾತ್ ಸಿಕ್ಕಿದೆ, ಜೊತೆಗೊಂದು ಮರದ ರೀಲು, ಅದರ ಲೇಬಲ್ ಮೇಲೆ 60 ಅನ್ನೋದೊಂದೇ ಉಳಿದಿದೆ, ಕಂಪನಿ ಹೆಸರು ಅಳಿಸಿಹೋಗಿದೆ. ನಾನೂ 60 ನಂಬರಿಂದೇ ಕಾಟನ್ ದಾರ ತಗೊಂಡೆ, ಅದರ ಮೇಲೆ 60/2 ಅಂತಿತ್ತು. ಹೆಣೆದು ನೋಡಿದ್ರೆ ಹೂವು ಚಿಕ್ಕದಾಗಿ, ಜಾಳುಜಾಳಾಗಿ ಬರ್ತಿದೆ. ತಪ್ಪು ನನ್ನ ಕೈದಾ, ದಾರದ್ದಾ?

ಉತ್ತರ: ನಿಮ್ಮ ಕೈ ಚೆನ್ನಾಗೇ ಇದೆ, ತಪ್ಪು ಆ ನಂಬರಿಂದು. ಕಾಟನ್ ನೂಲಿನ ನಂಬರು ಅಂದ್ರೆ ಒಂದು ಪೌಂಡ್ ನೂಲಲ್ಲಿ 840 ಗಜದ ಲಡಿ ಎಷ್ಟು ಆಗುತ್ತೆ ಅನ್ನೋ ಲೆಕ್ಕ, ಅದಕ್ಕೇ ನಂಬರು ದೊಡ್ಡದಾದಷ್ಟೂ ನೂಲು ಸಣ್ಣ. ಹಳೇ ಕಾಲದ ಹೊಲಿಗೆ ದಾರದ ರೀಲಲ್ಲಿ 60 ಅಂದ್ರೆ 60ರ ನೂಲು ಮೂರೆಳೆ ಸೇರಿಸಿ ಹುರಿ ಮಾಡಿದ್ದು. ಆಮೇಲೆ ಹೊಲಿಗೆ ಮಶೀನಿಗೆ ಅಂತ ಆರೆಳೆ ದಾರ ಬಂತಲ್ಲ, ಅದ್ರಲ್ಲೂ ದಪ್ಪ ಅಷ್ಟೇ ಇರ್ಲಿ ಅಂತ 120ರ ನೂಲು ಆರೆಳೆ ಹಾಕಿ ಮೇಲೆ 60 ಅಂತಲೇ ಬರೀತಿದ್ರು. ನೀವು ತಂದಿರೋ 60/2ರಲ್ಲಿ ಇರೋದು 60ರ ನೂಲು ಎರಡೇ ಎಳೆ. ತೂಕದಲ್ಲಿ ಹೇಳ್ಬೇಕಂದ್ರೆ ಹಳೇದು ಸಾವಿರ ಮೀಟರಿಗೆ ಸುಮಾರು 29.5 ಗ್ರಾಂ, ನಿಮ್ಮದು 20 ಗ್ರಾಂ ಕೂಡ ಇಲ್ಲ, ಅಂದ್ರೆ ಮೂರರಲ್ಲಿ ಒಂದು ಪಾಲು ದಾರವೇ ಕಮ್ಮಿ, ಇನ್ನು ಹೂವು ಹೇಗೆ ತುಂಬಿಕೊಳ್ಳುತ್ತೆ ಹೇಳಿ. ಬರೀ ತೂಕದ ಲೆಕ್ಕಕ್ಕೆ 40/2 ಸರಿಹೋಗುತ್ತೆ.

ಆದ್ರೆ ಅಷ್ಟಕ್ಕೇ ಹೋಗಿ 40/2 ತಗೋಬೇಡಿ. ಕ್ರೋಶಾ ದಾರ ಮಾಡೋ ಕಂಪನಿಗಳು ತಮ್ಮತಮ್ಮದೇ ನಂಬರು ಇಟ್ಕೊಂಡಿದ್ವು, ಈಗಲೂ ಎರಡು ಕಂಪನಿಯ 80 ನಂಬರ್ ಪಕ್ಕಪಕ್ಕ ಇಟ್ಟು ನೋಡಿದ್ರೆ ಒಂದೇ ದಪ್ಪ ಇರಲ್ಲ. ನಾನು ನಂಬೋದು ಸ್ಕೇಲನ್ನ ಮಾತ್ರ. ಹಳೇ ರೀಲಿನ ಮೇಲಿನ ಒಂದೆರಡು ಸುತ್ತು ಬಿಟ್ಟು ಒಳಗಿನ ದಾರ ತಗೊಳ್ಳಿ, ಸ್ಕೇಲ್ ಮೇಲೆ 2 ಸೆಂಟಿಮೀಟರ್ ಉದ್ದಕ್ಕೆ ಸುತ್ತಿ, ಸುತ್ತುಗಳು ಒಂದಕ್ಕೊಂದು ತಾಗಿರ್ಬೇಕು ಆದ್ರೆ ಒಂದರ ಮೇಲೊಂದು ಹತ್ತಬಾರದು, ಎಳೆದು ಬಿಗಿ ಮಾಡ್ಲೂಬಾರದು, ಆಮೇಲೆ ಎಣಿಸಿ ಅರ್ಧ ಮಾಡಿ. ಹೊಸ ದಾರಕ್ಕೂ ಹಾಗೇ ಮಾಡಿ, ಮೂರು ಸಲ ಮಾಡಿ ಸರಾಸರಿ ತಗೊಳ್ಳಿ, ಯಾಕಂದ್ರೆ ಸುತ್ತೋವಾಗ ಕೈ ಒಂದೊಂದು ಸಲ ಒಂದೊಂದು ಥರ ಇರುತ್ತೆ. ಸೆಂಟಿಮೀಟರಿಗೆ ಒಂದು ಸುತ್ತು ಹೆಚ್ಚುಕಮ್ಮಿ ಬಂದ್ರೆ ಪರವಾಗಿಲ್ಲ, ಕಡ್ಡಿ ಒಂದು ಸೈಜ್ ಬದಲಾಯಿಸಿದ್ರೆ ಸರಿಹೋಗುತ್ತೆ.

ದಪ್ಪ ಸರಿಹೋಯ್ತು ಅಂತ ಅಲ್ಲಿಗೇ ನಿಲ್ಲಿಸಬೇಡಿ, ಹುರಿ ನೋಡಿ. ಲೇಸ್ ಮಾಡೋರಲ್ಲೂ ತುಂಬಾ ಜನ ಇದನ್ನ ನೋಡೋದೇ ಇಲ್ಲ, ನನಗೆ ನಿಜವಾಗ್ಲೂ ಬೇಜಾರಾಗೋ ವಿಷಯ ಇದು, ಅಷ್ಟು ಕಷ್ಟಪಟ್ಟು ಹೆಣೆದಿದ್ದು ಹೊಂದಲ್ಲ ಅಂತಾರೆ, ಕಾರಣ ಅಲ್ಲೇ ಇರುತ್ತೆ. ದಾರದ ತುದಿ ಬಿಚ್ಚಿ ಎಳೆ ಎಣಿಸಿ. ಆರೆಳೆ ದಾರದಲ್ಲಿ ಮೊದಲು ಎರಡೆರಡು ಎಳೆ ಹುರಿ ಮಾಡಿ, ಹಾಗೆ ಬಂದ ಮೂರನ್ನ ಮತ್ತೆ ಉಲ್ಟಾ ದಿಕ್ಕಿಗೆ ಹುರಿ ಮಾಡಿರ್ತಾರೆ, ಅದಕ್ಕೇ ಅದು ದುಂಡಗೆ ಗಟ್ಟಿಯಾಗಿ ಇರುತ್ತೆ, ಪಿಕೋ, ಅಂದ್ರೆ ಅಂಚಿನ ಚಿಕ್ಕ ಕುಣಿಕೆ, ಹಾಕಿದ್ರೆ ನೆಟ್ಟಗೆ ನಿಲ್ಲುತ್ತೆ. ಎರಡೆಳೆ ದಾರ ಅದೇ ದಪ್ಪ ಇದ್ರೂ ಚಪ್ಪಟೆಯಾಗಿ ಮಲಗಿಬಿಡುತ್ತೆ. ಇನ್ನೊಂದು, ದಾರ ನೇರವಾಗಿ ತೂಗುಬಿಟ್ಟು ಭೂತಗನ್ನಡಿಯಲ್ಲಿ ನೋಡಿ, ಗೆರೆಗಳು ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಇಳಿದಿದ್ರೆ ಎಸ್ ಹುರಿ, ಬಲಗಡೆ ಮೇಲಿಂದ ಎಡಕ್ಕೆ ಇಳಿದಿದ್ರೆ ಜೆಡ್ ಹುರಿ. ಹೊಲಿಗೆ ದಾರ ಸಾಮಾನ್ಯವಾಗಿ ಜೆಡ್, ಕಸೂತಿಗೆ ಬಳಸೋ ಪರ್ಲ್ ಕಾಟನ್ ಎಸ್. ಎರಡೂ ಒಂದೇ ಬಟ್ಟೆಯಲ್ಲಿ ಸೇರಿದ್ರೆ ಬೆಳಕು ಬೇರೆಬೇರೆ ಥರ ಬೀಳುತ್ತೆ, ಎಲ್ಲಿಂದ ಹೊಸದು ಶುರು ಅಂತ ದೂರದಿಂದಲೇ ಗೊತ್ತಾಗುತ್ತೆ.

ಹಳೇ ಆರೆಳೆ ದಾರ ಅಂದ್ರೆ ಡಿಎಂಸಿ ಕಂಪನಿಯ ಕಾರ್ಡೋನೆ ಸ್ಪೆಷಲ್ ನೆನಪಾಗುತ್ತೆ, 100 ನಂಬರಿನ ತನಕ ಬರ್ತಿತ್ತು, ಎಷ್ಟು ಚೆಂದದ ದಾರ ಅದು. ಈಗ ದಪ್ಪ ಕೆಲಸಕ್ಕಾದ್ರೆ ಲಿಜ್‌ಬೆತ್ ಬ್ರಾಂಡಿನ 20, 40 ನಂಬರ್ ಆರೆಳೆಯಲ್ಲೇ ಸಿಗುತ್ತೆ. ನಿಮ್ಮದರಷ್ಟು ಸಣ್ಣದಕ್ಕೆ ಮೂರೆಳೆಯ ಶುದ್ಧ ಕಾಟನ್ ಹೊಲಿಗೆ ದಾರ ನೋಡಿ, ಮೇಣದ ಥರ ಮೆರುಗು ಹಚ್ಚಿರೋ ಕ್ವಿಲ್ಟಿಂಗ್ ದಾರ ಮಾತ್ರ ಬೇಡ, ಒಗೆದಾಗ ಮೆರುಗು ಹೋಗಿ ಬೇರೆಯೇ ದಾರ ಆಗಿಬಿಡುತ್ತೆ. ಪಾಲಿಯೆಸ್ಟರ್ ಬೇಡವೇ ಬೇಡ. ಅದು ಇಸ್ತ್ರಿಗೆ ಬಗ್ಗಲ್ಲ, ಎಳೆತ ಬಿದ್ದಾಗ ತಾನು ಗಟ್ಟಿ ನಿಂತು ಪಕ್ಕದ ಅಜ್ಜಿ ದಾರವನ್ನ ಹರಿದುಹಾಕುತ್ತೆ.

ಪ್ರಶ್ನೆ: ಹೊಸ ದಾರ ತೀರಾ ಬೆಳ್ಳಗೆ ಕಾಣುತ್ತೆ, ಟೀ ಡಿಕಾಕ್ಷನ್‌ನಲ್ಲಿ ಅದ್ದಿದ್ರೆ ಹಳೇ ಬಣ್ಣ ಬರುತ್ತೆ ಅಂತಾರೆ, ಮಾಡ್ಲಾ?

ಉತ್ತರ: ದಯವಿಟ್ಟು ಬೇಡ. ಟೀಯಲ್ಲಿ ಟ್ಯಾನಿನ್ ಇರುತ್ತೆ, ವರ್ಷಗಳು ಕಳೆದ ಹಾಗೆ ಹತ್ತಿ ನೂಲನ್ನ ಲಡ್ಡು ಮಾಡುತ್ತೆ, ಬಣ್ಣವೂ ಒಂದೇ ಥರ ನಿಲ್ಲಲ್ಲ. ಮೊದಲು ಹಳೇ ತುಂಡನ್ನ ಮೆತ್ತಗಿನ ಸೋಪಿನ ನೀರಲ್ಲಿ ನೆನೆಸಿ, ಹಿಂಡದೆ ತೊಳೆದು ನೆರಳಲ್ಲಿ ಹಾಸಿ ಒಣಗಿಸಿ ನೋಡಿ, ಹಳದಿ ಅಂದ್ಕೊಂಡಿದ್ರಲ್ಲಿ ಅರ್ಧ ಬರೀ ಕೊಳೆ ಆಗಿರುತ್ತೆ. ಆಮೇಲೆ ಎಕ್ರೂ (ತಿಳಿ ಕಂದು ಛಾಯೆಯ ಬಿಳಿ) ಅಥವಾ ಬ್ಲೀಚ್ ಮಾಡದ ದಾರ ಪಕ್ಕ ಇಟ್ಟು ಹೋಲಿಸಿ, ಹಗಲು ಬೆಳಕಲ್ಲಿ. ಹೊಳಪು ಕೂಡ ನೋಡಿ. ಜಾನ್ ಮರ್ಸರ್ 1850ರಲ್ಲಿ ಕಾಸ್ಟಿಕ್ ಸೋಡಾ ವಿಧಾನಕ್ಕೆ ಪೇಟೆಂಟ್ ತಗೊಂಡ್ರು, ನೂಲನ್ನ ಬಿಗಿಯಾಗಿ ಹಿಡಿದು ಅದೇ ಸೋಡಾ ಹಾಕಿದ್ರೆ ಹೊಳಪು ಬರುತ್ತೆ ಅನ್ನೋದು ಆಮೇಲೆ ಗೊತ್ತಾಗಿದ್ದು, ಹಾಗಾಗಿ ತುಂಬಾ ಹಳೇ ಲೇಸಿಗೆ ಹೀಗೆ ಮರ್ಸರೈಸ್ ಮಾಡಿದ ಮಿರಮಿರ ದಾರ ಹಾಕಿದ್ರೆ ಹೊಂದೋದೇ ಇಲ್ಲ.

ಪ್ರಶ್ನೆ: ನಂದು ಬಾಬಿನ್ ಲೇಸ್, ದಿಂಬಿನ ಮೇಲೆ ನಕ್ಷೆ ಇಟ್ಟು ಚಿಕ್ಕ ಕಡ್ಡಿಗಳಿಗೆ ಸುತ್ತಿದ ದಾರಗಳನ್ನ ಹೆಣೆಯೋದು. ಹಳೇ ನಕ್ಷೆಯಲ್ಲಿ ಲಿನನ್ (ಅಗಸೆ ನಾರಿನ ನೂಲು) 100/2 ಅಂತಿದೆ. ಕಾಟನ್ 100/2 ಹಾಕಬಹುದಾ?

ಉತ್ತರ: ಆಗಲ್ಲ, ಬಲೆ ಥರ ಜೋತುಬೀಳುತ್ತೆ. ಲಿನನ್ ಲಡಿ 300 ಗಜ, ಕಾಟನ್ ಲಡಿ 840, ಅದಕ್ಕೇ ಲಿನನ್ ನಂಬರನ್ನ 2.8ರಿಂದ ಭಾಗಿಸಬೇಕು, ಆಗ ನಿಮಗೆ ಬೇಕಾಗಿರೋದು ಕಾಟನ್ 36/2ರ ಆಸುಪಾಸು. ನಾರಿನಲ್ಲಿ ಜುಂಗು ಕಮ್ಮಿ, ಹತ್ತಿಯಲ್ಲಿ ಜಾಸ್ತಿ, ಆದ್ದರಿಂದ ಗ್ಯಾಸ್ಡ್ ಅಂತ ಬರೆದಿರೋ ಕಾಟನ್ ತಗೊಳ್ಳಿ, ಅದನ್ನ ಬೆಂಕಿ ಮೇಲಿಂದ ಸರ್ರನೆ ಹಾಯಿಸಿ ಜುಂಗು ಸುಟ್ಟಿರ್ತಾರೆ. ಇಷ್ಟಾದ ಮೇಲೂ ಸ್ಕೇಲ್ ಮೇಲೆ ಸುತ್ತಿ ನೋಡ್ಲೇಬೇಕು. ನಕ್ಷೆಯ ದಾರ ಸೆಂಟಿಮೀಟರಿಗೆ 24 ಸುತ್ತು, ನಿಮ್ಮದು 20 ಬಂತು ಅಂದ್ಕೊಳ್ಳಿ, ದಾರ ಹುಡುಕ್ತಾ ಕೂರಬೇಡಿ, ನಕ್ಷೆಯನ್ನೇ 120 ಪರ್ಸೆಂಟಿಗೆ ಜೆರಾಕ್ಸ್ ಮಾಡಿಸಿ. ಬಾಬಿನ್ ಲೇಸಲ್ಲಿ ಈ ಒಂದು ಅನುಕೂಲ ಇದೆ, ಅರ್ಧ ಮುಗಿದಿರೋ ಕ್ರೋಶಾದಲ್ಲಿ ಇಲ್ಲ. ಬೆಲ್ಜಿಯಂನ ಬ್ರಸೆಲ್ಸ್, ಮೆಕ್ಲಿನ್ ಕಡೆಯ 18ನೇ ಶತಮಾನದ ಲೇಸ್ ಥರದ್ದೇ ಬೇಕು ಅಂದ್ರೆ ಮಾತ್ರ ಕಷ್ಟ, ಆ ನಾರಿನ ನೂಲನ್ನ ಒಣಗಿ ತುಂಡಾಗದ ಹಾಗೆ ತೇವದ ಕೋಣೆಗಳಲ್ಲಿ ಕೂತು ಕೈಯಲ್ಲೇ ತೆಗೀತಿದ್ರು, ಅಷ್ಟು ಸಣ್ಣ ನಾರಿನ ನೂಲು ಮಶೀನಿಂದ ಬರಲ್ಲ. ಅಂಥದ್ದಕ್ಕೆ 170/2ರಂಥ ಕಾಟನ್ ಹಾಕಿ ಮಾಡ್ತಾರೆ, ಚೆಂದ ಬರುತ್ತೆ, ಆದ್ರೆ ಅದು ಬೇರೆಯದೇ ಚೆಂದ.

ಪ್ರಶ್ನೆ: ಒಂದು ಡಬ್ಬಿ ತುಂಬ ಹಳೇ ದಾರ ಇದೆ, ಅದನ್ನೇ ಬಳಸಬಹುದಾ?

ಉತ್ತರ: ಒಂದು ಗೇಣು ತಗೊಂಡು ಜಗ್ಗಿ ನೋಡಿ. ಪಟ್ ಅಂತ ಮೆತ್ತಗೆ ಹರಿದ್ರೆ ಮೇಲಿನ ಸುತ್ತುಗಳನ್ನ ಬಿಚ್ಚಿ ಒಳಗಿನದನ್ನ ಜಗ್ಗಿ, ಬೆಳಕು ತಾಗದಿರೋ ಕಡೆ ಎಷ್ಟೋ ಸಲ ಗಟ್ಟಿಯಾಗೇ ಇರುತ್ತೆ. ಕಪ್ಪು ದಾರ ಇದ್ರೆ ಹುಷಾರು, ಹಿಂದೆ ಕಬ್ಬಿಣದ ಉಪ್ಪು ಹಾಕಿ ಕಪ್ಪು ಬಣ್ಣ ಕೂರಿಸ್ತಿದ್ರು, ಅದು ಬೇಗ ಕೊಳೆಯುತ್ತೆ, ಅದನ್ನ ಹೆಣಿಗೆಗೆ ಹಾಕ್ಬೇಡಿ, ಅಳತೆಯ ಮಾದರಿಗೆ ಅಂತ ಎತ್ತಿಡಿ.