ಅಜ್ಜಿಯನ್ನು ಮುಂದಕ್ಕೆ ತನ್ನಿ

ನಮಸ್ಕಾರ,

ನೀವು ಕಳಿಸಿದ ‘ಡಿಎನ್‌ಎ: ಬದುಕಿನ ನೀಲನಕ್ಷೆ’ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸು ಬರುತ್ತಿಲ್ಲ. ಕಾರಣ, ಆರನೇ ಪುಟದಲ್ಲಿರುವ ನಿಮ್ಮ ಅಜ್ಜಿ.

ಮೊದಲ ಐದು ಪುಟ ಪಿಯುಸಿ ನೋಟ್ಸ್. ಡಿಎನ್‌ಎ ಸುತ್ತಿಟ್ಟ 23 ಜೊತೆ ವರ್ಣತಂತು, ಅದನ್ನು ಬರೆದಿರುವ ನಾಲ್ಕು ಅಕ್ಷರ ಎ-ಟಿ-ಜಿ-ಸಿ, ಜೋಡಿ ಸುರುಳಿ, ಎಲ್ಲ ಸರಿಯೇ. ಓದುಗರು ಮಾತ್ರ ಎರಡನೇ ಪುಟಕ್ಕೇ ಎದ್ದು ಹೋಗಿರುತ್ತಾರೆ. ‘ಮನುಷ್ಯರೆಲ್ಲ ಶೇ 99.9ರಷ್ಟು ಒಂದೇ’ ಎಂದು ಬರೆದು ಕೈತೊಳೆದುಕೊಂಡಿದ್ದೀರಿ. ಉಳಿದದ್ದೆಷ್ಟು, ಲೆಕ್ಕ ಹಾಕಿದಿರಾ? ಒಟ್ಟು ಅಕ್ಷರ ಸುಮಾರು 300 ಕೋಟಿ. ಸಾವಿರಕ್ಕೊಂದು ಅಂದರೆ 30 ಲಕ್ಷ. ನಿಮಗೂ ನನಗೂ ಅಷ್ಟು ಕಡೆ ಅಕ್ಷರ ಬೇರೆ. ಲೇಖನ ಇರಬೇಕಾದ್ದು ಅಲ್ಲಿ.

‘ಹಬ್ಬದ ದಿನವೂ ಪಾಯಸದ ಬಟ್ಟಲನ್ನು ನನ್ನ ಕಡೆ ಸರಿಸಿ, ಅಜ್ಜಿ ಎರಡು ಲೋಟ ಮಜ್ಜಿಗೆ ಕುಡಿದು ಏಳುತ್ತಿದ್ದರು. ಹಾಲು ತಗೊಂಡರೆ ಹೊಟ್ಟೆ ಗುಡುಗುಡು.’ ಇಡೀ ಬರಹದಲ್ಲಿ ಇದೊಂದೇ ನಿಮ್ಮ ಸ್ವಂತ ಸಾಲು. ಮರುಸಾಲಿನಲ್ಲೇ ‘ಇದು ವಂಶವಾಹಿಯ ವಿಕೃತಿ’ ಎಂದು ಕೆಡಿಸಿದ್ದೀರಿ. ವಿಷಯ ತಲೆಕೆಳಗಾಗಿದೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಎಳೆತನ ಕಳೆದಂತೆ ಹೆಚ್ಚಿನ ಮನುಷ್ಯರಲ್ಲಿ ಇಳಿಯುತ್ತದೆ. ಅದೇ ಹಳೆಯ ರೀತಿ. ಕೆಲವರಲ್ಲಿ ಎರಡನೇ ವರ್ಣತಂತುವಿನ ಒಂದು ಜಾಗದಲ್ಲಿ ಸಿ ಬದಲು ಟಿ ಬಂತು. ಅದೂ ಲ್ಯಾಕ್ಟೇಸ್ ತಯಾರಿಸುವ ಜೀನ್ (ವಂಶವಾಹಿ) ಒಳಗಲ್ಲ, ಸುಮಾರು 14 ಸಾವಿರ ಅಕ್ಷರ ಆಚೆ, ಪಕ್ಕದ ಜೀನ್‌ನಲ್ಲಿ. ಅಂಥವರಿಗೆ ಮುಪ್ಪಿನಲ್ಲೂ ಹಾಲು ದಕ್ಕುತ್ತದೆ. ಬದಲಾದವರು ಅವರು, ಅಜ್ಜಿಯಲ್ಲ! ಓಲೆಗರಿಯ ಒಂದು ಪ್ರತಿಯಿಂದ ಇನ್ನೊಂದಕ್ಕೆ ಪದ ಬೇರೆಯಾದರೆ ಪಾಠಾಂತರ ಎನ್ನುತ್ತೇವಲ್ಲ, ಆ ಪದ ಬಳಸಿ; ‘ವಿಕೃತಿ’ ಹೊಡೆದುಹಾಕಿ. ಮಜ್ಜಿಗೆ ಏಕೆ ಒಗ್ಗಿತು ಅನ್ನುವುದನ್ನೂ ಹೇಳಿ: ಹೆಪ್ಪು ಹಾಕಿದ ರಾತ್ರಿಯೇ ಬ್ಯಾಕ್ಟೀರಿಯಾ ಆ ಸಕ್ಕರೆಯಲ್ಲಿ ಒಂದಿಷ್ಟನ್ನು ತಿಂದಿರುತ್ತದೆ.

‘ಅಜ್ಜಿಯ ಶೇ 25 ನನ್ನಲ್ಲಿದೆ’ ಎಂಬಲ್ಲಿ ‘ಸುಮಾರು’ ಸೇರಿಸಿ. ಅಮ್ಮ ಕೊಟ್ಟ ಅರ್ಧದಲ್ಲಿ ಅವರ ತಂದೆತಾಯಿಯ ತುಂಡುಗಳು ಇಸ್ಪೀಟೆಲೆಯಂತೆ ಕಲೆಸಿರುತ್ತವೆ, ಸರಿಪಾಲು ಬರುವುದಿಲ್ಲ.

ಉದಾಹರಣೆಗೆಲ್ಲ ಬೋಸ್ಟನ್, ಲಂಡನ್ ಏಕೆ? ನೀವಿರುವುದು ಮಲ್ಲೇಶ್ವರದಲ್ಲಿ. ಸುಮಾರು 10,000 ಭಾರತೀಯರ ಡಿಎನ್‌ಎ ಓದಿದ ಜೀನೋಮ್‌ಇಂಡಿಯಾ ಯೋಜನೆಯನ್ನು ಮುನ್ನಡೆಸಿದ್ದು ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ) ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್. ನಿಮ್ಮ ಮನೆಯಿಂದ ಆಟೋ ದೂರ. (ಆಟೋದವರು ಬಂದರೆ.)

ಕೊನೆಗೊಂದು ಪ್ರಶ್ನೆ. ನಿಮ್ಮ ಅಮ್ಮ ದಿನಾ ರಾತ್ರಿ ಲೋಟ ತುಂಬ ಹಾಲು ಕುಡಿದು ಮಲಗುತ್ತಾರೆಂದು ಬರೆದಿದ್ದೀರಿ. ಪರೀಕ್ಷೆ ಮಾಡಿಸದೆ ಖಚಿತ ಹೇಳಬಾರದು, ಆದರೆ ಹಾಲು ದಕ್ಕಲು ಆ ‘ಟಿ’ ತಂದೆ-ತಾಯಿಯಲ್ಲಿ ಒಬ್ಬರಿಂದ ಒಂದೇ ಪ್ರತಿ ಬಂದಿದ್ದರೂ ಸಾಕು. ಅಜ್ಜಿಯಲ್ಲಿ ಇಲ್ಲದಿದ್ದರೆ ಅದು ಅಜ್ಜನಿಂದ ಬಂದಿರಬೇಕು. ಅಜ್ಜ ಲೇಖನದಲ್ಲಿ ಎಲ್ಲೂ ಇಲ್ಲ. ಅವರು ಹಾಲು ಕುಡಿಯುತ್ತಿದ್ದರಾ? ಅಮ್ಮನನ್ನು ಕೇಳಿ, ಮೂರು ಪುಟಕ್ಕೆ ಇಳಿಸಿ ಕಳಿಸಿ.